ಪೋರ್ಚುಗಲ್‌ನಲ್ಲಿ ಕೂತು ಬೆಂಗಳೂರಿನ ಕೆಲಸ: ವೀಸಾಕ್ಕೂ ಮೊದಲು ಕಂಪನಿಯನ್ನು ಕೇಳಿ

ಪ್ರಶ್ನೆ: ನಾನು ಹುಬ್ಬಳ್ಳಿಯವನು, ವಯಸ್ಸು 31. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಸಿಟಿಸಿ (ಕಂಪನಿಯ ಲೆಕ್ಕದ ವರ್ಷದ ಒಟ್ಟು ಸಂಬಳ) 60 ಲಕ್ಷ. ಮೂರು ವರ್ಷದಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷ ಪೋರ್ಚುಗಲ್‌ನಲ್ಲಿದ್ದು ಇದೇ ಕೆಲಸ ಮುಂದುವರಿಸುವ ಆಸೆ. ಮುಂದಿನ ವರ್ಷ ಮದುವೆ ಇದೆ. ಒಬ್ಬ ಏಜೆಂಟ್ ಎಲ್ಲ ಸೇರಿ 4 ಲಕ್ಷ ಕೇಳುತ್ತಿದ್ದಾರೆ. ಇನ್ನೊಬ್ಬರು ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಬದಲಾಯಿಸಿಕೊಳ್ಳಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಆಫೀಸಿಗೆ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೇ ಸಾಲಿಗೆ ಬಂದು ನಿಂತುಬಿಟ್ಟೆ. ಆಫೀಸಿಗೆ ಇನ್ನೂ ಹೇಳಿಲ್ಲ. ದಯವಿಟ್ಟು ಅಲ್ಲಿಂದಲೇ ಶುರು ಮಾಡಿ. ಏಜೆಂಟ್, ಮನೆ, ಟಿಕೆಟ್, ಎಲ್ಲ ಆಮೇಲೆ. ವೀಸಾ ಕಾಗದಪತ್ರ ನೋಡುವುದೇ ನನ್ನ ಕೆಲಸ. ರಿಮೋಟ್ ಕೆಲಸದವರ ಅರ್ಜಿ ವಾಪಸ್ ಬಂದದ್ದನ್ನು ನಾನು ನೋಡಿರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ದುಡ್ಡು ಇರುತ್ತದೆ, ಪಾಸ್‌ಪೋರ್ಟ್ ಸರಿ ಇರುತ್ತದೆ, ಕಂಪನಿಯ ಪತ್ರ ಮಾತ್ರ ಸರಿ ಇರುವುದಿಲ್ಲ.

ಅದಕ್ಕೂ ಮೊದಲು ಆ ಟೂರಿಸ್ಟ್ ವೀಸಾದ ಸಲಹೆ ಬಗ್ಗೆ ಒಂದು ಮಾತು. ಅದನ್ನು ಮರೆತುಬಿಡಿ. ಹಿಂದೆ ಪೋರ್ಚುಗಲ್‌ನಲ್ಲಿ ಹಾಗೆ ಹೋಗಿ, ಅಲ್ಲೇ ಒಂದು ಕೆಲಸ ಹಿಡಿದು, ಆಮೇಲೆ ವಾಸದ ಪರವಾನಗಿಗೆ ಅರ್ಜಿ ಹಾಕುವ ದಾರಿಯೊಂದಿತ್ತು. 2024ರ ಜೂನ್‌ನಲ್ಲಿ ಸರ್ಕಾರ ಅದನ್ನು ಮುಚ್ಚಿತು. ಅದು ಅಲ್ಲಿನ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಇದ್ದ ದಾರಿ, ನಿಮ್ಮಂಥವರಿಗೆ ಆಗಲೂ ಹೊಂದುತ್ತಿರಲಿಲ್ಲ. ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಟೂರಿಸ್ಟ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಇರಬಹುದು, ಅಷ್ಟೇ. ದಿನ ಮೀರಿದರೆ ಅದು ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಪ್ರತಿ ಅರ್ಜಿಗೂ ಅಡ್ಡ ಬರುತ್ತದೆ. ಸುಮ್ನೆ ಯಾಕೆ ಆ ಕಷ್ಟ.

ನಿಮಗೆ ಬೇಕಾದ್ದು ಡಿ8 ವೀಸಾ. 2022ರ ಅಕ್ಟೋಬರ್ ಕೊನೆಯಲ್ಲಿ ಶುರುವಾಯಿತು. ಪೋರ್ಚುಗಲ್‌ನ ಹೊರಗಿನ ಕಂಪನಿಗೆ ಅಥವಾ ಗ್ರಾಹಕರಿಗೆ ದೂರದಿಂದ ಕೆಲಸ ಮಾಡುವವರಿಗೆ ಅಂತಲೇ ಮಾಡಿದ್ದು. ಇದರಲ್ಲಿ ಎರಡು ಬಗೆ ಇವೆ. ಒಂದು ತಾತ್ಕಾಲಿಕ ವಾಸದ್ದು, ಒಂದು ವರ್ಷದವರೆಗೆ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಇನ್ನೊಂದು ನಿವಾಸದ್ದು. ಅದರಲ್ಲಿ ವೀಸಾ ಕೊಡುವುದು 4 ತಿಂಗಳಿಗೆ, ಎರಡು ಪ್ರವೇಶಕ್ಕೆ. ಆ 4 ತಿಂಗಳೊಳಗೆ ಅಲ್ಲಿನ ವಲಸೆ ಇಲಾಖೆಯ ಮುಂದೆ ಹೋಗಿ 2 ವರ್ಷದ ಪರವಾನಗಿ ಕಾರ್ಡ್ ಮಾಡಿಸಿಕೊಳ್ಳಬೇಕು. ಯಾವುದು ಅನ್ನುವುದನ್ನು ಅರ್ಜಿ ಹಾಕುವಾಗಲೇ ಹೇಳಬೇಕು. ಎರಡು ವರ್ಷ ಅಂದಿದ್ದೀರಿ, ಹಾಗಾದರೆ ಎರಡನೆಯದು. ಆದರೆ ಒಂದು ವರ್ಷ ಇದ್ದು ನೋಡೋಣ ಅನ್ನುವ ಮನಸ್ಸು ಒಳಗೊಳಗೇ ಇದ್ದರೆ ಮೊದಲನೆಯದೇ ಹಗುರ.

ಈಗ ಆ ಪತ್ರದ ವಿಷಯ. ಮೂರು ವರ್ಷದಿಂದ ಮನೆಯಿಂದ ಕೆಲಸ ಅಂದಿರಿ. ನಿಮ್ಮ ಆಫರ್ ಲೆಟರ್ ತೆಗೆದು ನೋಡಿ. ಕೆಲಸದ ಸ್ಥಳ ಅನ್ನುವ ಕಡೆ ಏನಿದೆ? ನೂರಕ್ಕೆ ತೊಂಬತ್ತು ಪಾಲು ಬೆಂಗಳೂರು ಅಂತ ಇರುತ್ತದೆ. ಮನೆಯಿಂದ ಕೆಲಸ ಮಾಡಬಹುದು ಅಂತ ಕೋವಿಡ್ ಕಾಲದಲ್ಲಿ ಬಂದ ಇಮೇಲ್ ಇಲ್ಲಿ ನಡೆಯುವುದಿಲ್ಲ. ಬೇಕಾದ್ದು ಕಂಪನಿಯ ಲೆಟರ್‌ಹೆಡ್ ಮೇಲೆ, ಸಹಿ ಮೊಹರು ಇರುವ ಪತ್ರ. ಅದರಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಬೇಕು. ಹುದ್ದೆ, ಕೆಲಸಕ್ಕೆ ಸೇರಿದ ದಿನ, ತಿಂಗಳ ಸಂಬಳ ಇರಬೇಕು. ಈ ಕೆಲಸವನ್ನು ಪೂರ್ತಿ ದೂರದಿಂದಲೇ ಮಾಡಬಹುದು, ಇವರು ಇಂಥ ತಿಂಗಳಿಂದ ಪೋರ್ಚುಗಲ್‌ನಿಂದ ಮಾಡುವುದು ಕಂಪನಿಗೆ ಗೊತ್ತಿದೆ, ಕಂಪನಿಯ ಒಪ್ಪಿಗೆಯೂ ಇದೆ ಅಂತ ಬಿಡಿಸಿ ಬರೆದಿರಬೇಕು. ‘ಪೋರ್ಚುಗಲ್’ ಅನ್ನುವ ಪದ ಪತ್ರದಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ‘ಎಲ್ಲಿಂದ ಬೇಕಾದರೂ’ ಅಂತ ಬರೆದ ಪತ್ರ ಒಂದು ಮೇಜಿನಲ್ಲಿ ಪಾಸಾಗಿ ಪಕ್ಕದ ಮೇಜಿನಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿದ್ದೇನೆ. ಜೊತೆಗೆ ಮೂಲ ಕರಾರಿಗೆ ಒಂದು ತಿದ್ದುಪಡಿ ಹಾಳೆ ಸೇರಿಸಿ ಕೆಲಸದ ಸ್ಥಳ ಬದಲಾಯಿಸಿಕೊಂಡರೆ ಇನ್ನೂ ಗಟ್ಟಿ.

ಎಚ್‌ಆರ್ ಇದನ್ನು ಸುಲಭಕ್ಕೆ ಕೊಡುವುದಿಲ್ಲ, ನಿಜ. ಅವರಿಗೂ ಕಾರಣ ಇದೆ. ನೀವು ಅಲ್ಲಿ ಕೂತು ಕೆಲಸ ಮಾಡಿದರೆ ಕಂಪನಿಗೇ ಅಲ್ಲೊಂದು ಶಾಖೆ ಇದ್ದ ಹಾಗೆ ಲೆಕ್ಕ ಹಾಕಿ ತೆರಿಗೆ ಕೇಳಬಹುದು ಅನ್ನುವ ಭಯ ಅವರ ಲೆಕ್ಕಪತ್ರದವರಿಗೆ ಇರುತ್ತದೆ. ಗ್ರಾಹಕರ ಜೊತೆಗಿನ ಕರಾರಿನಲ್ಲಿ ಡೇಟಾವನ್ನು ಇಂತಿಂಥ ದೇಶದಿಂದ ಮಾತ್ರ ತೆರೆಯಬಹುದು ಅಂತ ಇರಬಹುದು. ಹಾಗಾಗಿ ಮೊದಲು ಮ್ಯಾನೇಜರ್ ಜೊತೆ ಕೂತು ಮಾತಾಡಿ, ನಿಮ್ಮ ಪ್ರಾಜೆಕ್ಟ್‌ಗೆ ಅಂಥ ಷರತ್ತು ಇದೆಯಾ ತಿಳಿದುಕೊಳ್ಳಿ. ಇದ್ದರೆ ಪ್ರಾಜೆಕ್ಟ್ ಬದಲಾಯಿಸಿಕೊಳ್ಳುವುದೇ ಒಳ್ಳೆಯದು. ವಿಪಿಎನ್ ಹಾಕಿಕೊಂಡು ಬೆಂಗಳೂರಿನಲ್ಲೇ ಇದ್ದ ಹಾಗೆ ತೋರಿಸೋಣ ಅಂತ ಕೆಲವರು ಹೇಳಿಕೊಡುತ್ತಾರೆ. ಬೇಡ. ನನಗೆ ತುಂಬಾ ಹತ್ತಿರದ ಒಬ್ಬ ಹುಡುಗ ಹಾಗೆ ಮಾಡಿ ಆರನೇ ವಾರಕ್ಕೆ ಲ್ಯಾಪ್‌ಟಾಪ್ ಲಾಕ್ ಆಗಿ, ವಾರದೊಳಗೆ ಕೆಲಸ ಕಳೆದುಕೊಂಡ. ಕೆಲಸ ಹೋದರೆ ಈ ವೀಸಾಕ್ಕೆ ಆಧಾರವೇ ಇಲ್ಲ ಅಲ್ವಾ.

ಪತ್ರ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಮುಂದಿನದು ಸಂಬಳ. ಇಲ್ಲಿ ನಿಮಗೆ ಬೇಸರ ಆಗುವ ಮಾತು ಹೇಳಬೇಕಾಗಿದೆ.

ಪೋರ್ಚುಗಲ್‌ನ ಕನಿಷ್ಠ ಕೂಲಿಯ ನಾಲ್ಕು ಪಟ್ಟು ನಿಮ್ಮ ತಿಂಗಳ ಆದಾಯ ಇರಬೇಕು, ಕೊನೇ ಮೂರು ತಿಂಗಳ ಸರಾಸರಿ ತೆಗೆದು. ಕನಿಷ್ಠ ಕೂಲಿ 2025ರಲ್ಲಿ 870 ಯೂರೊ ಇತ್ತು, 2026ಕ್ಕೆ 920. ನಾಲ್ಕು ಪಟ್ಟು ಅಂದರೆ 3,680 ಯೂರೊ. ಯೂರೊಗೆ ಬರೀ 100 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 3 ಲಕ್ಷ 68 ಸಾವಿರ. 60 ಲಕ್ಷವನ್ನು 12ರಿಂದ ಭಾಗಿಸಿದರೆ 5 ಲಕ್ಷ ಬರುತ್ತದೆ, ಆರಾಮಾಗಿ ದಾಟಿದೆ ಅಂತ ನೀವು ಅಂದುಕೊಂಡಿರುತ್ತೀರಿ. ಆದರೆ ಸಿಟಿಸಿಯನ್ನು ಯಾರೂ ನೋಡುವುದಿಲ್ಲ. ಅದರಲ್ಲಿ 5 ಲಕ್ಷ ಬೋನಸ್, 5 ಲಕ್ಷ ಕಂಪನಿ ಷೇರು ಇದೆ ಅನ್ನಿ. ಉಳಿದದ್ದು 50. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ ತೆಗೆದರೆ ಸುಮಾರು 45 ಲಕ್ಷ 80 ಸಾವಿರ. ಸಂಬಳದ ಚೀಟಿಯಲ್ಲಿ ಕಾಣುವುದು ತಿಂಗಳಿಗೆ 3 ಲಕ್ಷ 80 ಸಾವಿರದ ಆಸುಪಾಸು. ಟಿಡಿಎಸ್ಸು (ಸಂಬಳದಲ್ಲೇ ಕಡಿಯುವ ತೆರಿಗೆ), ನಿಮ್ಮ ಪಾಲಿನ ಪಿಎಫ್ಫು ಹೋಗಿ ಬ್ಯಾಂಕಿಗೆ ಬೀಳುವುದು 2 ಲಕ್ಷ 75 ಸಾವಿರ. ನಿಮ್ಮ ಚೀಟಿ ನಾನು ನೋಡಿಲ್ಲ, ಆದರೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ.

ಅಂದರೆ ಯೂರೊಗೆ 100 ರೂಪಾಯಿ ಅಂತ ಹಿಡಿದರೆ ಚೀಟಿಯ ಮೇಲಿನ ಲೆಕ್ಕದಲ್ಲಿ ಕೂದಲೆಳೆಯಲ್ಲಿ ದಾಟಿದ್ದೀರಿ, ಬ್ಯಾಂಕಿನ ಲೆಕ್ಕದಲ್ಲಿ ದಾಟಿಲ್ಲ. ಕಡಿತಕ್ಕೆ ಮೊದಲಿನ ಮೊತ್ತ ತೋರಿಸಿ ವೀಸಾ ಪಡೆದವರು ಇದ್ದಾರೆ. ಬ್ಯಾಂಕಿಗೆ ಬಿದ್ದದ್ದನ್ನೇ ಎಣಿಸಿ ಪ್ರಶ್ನೆ ಕೇಳಿಸಿಕೊಂಡವರೂ ಇದ್ದಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂದರೆ, ಕಂಪನಿಯ ಪತ್ರದಲ್ಲೇ ಕಡಿತಕ್ಕೆ ಮೊದಲಿನ ತಿಂಗಳ ಸಂಬಳವನ್ನು ರೂಪಾಯಿಯಲ್ಲೂ ಯೂರೊದಲ್ಲೂ ಬರೆಸುತ್ತಿದ್ದೆ. ಯಾವ ಕಡಿತ ಯಾಕೆ ಅಂತ ಲೆಕ್ಕ ಪರಿಶೋಧಕರಿಂದ ಒಂದು ಪುಟದ ಪ್ರಮಾಣಪತ್ರ ಮಾಡಿಸುತ್ತಿದ್ದೆ. ಬೋನಸ್ ಬರುವ ತಿಂಗಳು ಕೊನೇ ಮೂರು ತಿಂಗಳ ಒಳಗೆ ಬೀಳುವ ಹಾಗೆ ಅರ್ಜಿಯ ದಿನ ಇಟ್ಟುಕೊಳ್ಳುತ್ತಿದ್ದೆ. ಬೋನಸ್ ಒಂದನ್ನೇ ನಂಬಿ ಅಲ್ಲ, ಜೊತೆಗೊಂದು ಬಲ ಅಂತ. ಉಳಿತಾಯವೂ ಬೇಕು. ಒಬ್ಬರಿಗೆ ಕನಿಷ್ಠ ಕೂಲಿಯ 12 ತಿಂಗಳಷ್ಟು, ಅಂದರೆ 11,040 ಯೂರೊ. ಅದಕ್ಕಿಂತ ಜಾಸ್ತಿಯೇ ಇರಲಿ. ಅರ್ಜಿಗೆ ಎರಡು ದಿನ ಮೊದಲು ಮಾವನಿಂದ ತಂದು ಹಾಕಿದ ದುಡ್ಡು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಸಂಬಳ ರೂಪಾಯಿಯಲ್ಲಿ. ಅಲ್ಲಿನ ಮಿತಿ ಯೂರೊದಲ್ಲಿ, ಅದೂ ಪ್ರತಿ ಜನವರಿಗೆ ಏರುತ್ತದೆ. 2027ಕ್ಕೆ 970, 2028ಕ್ಕೆ 1,020 ಅಂತ ಅಲ್ಲಿನ ಸರ್ಕಾರ ಮೊದಲೇ ಒಪ್ಪಂದ ಮಾಡಿಕೊಂಡಿದೆ. ರೂಪಾಯಿ ಸ್ವಲ್ಪ ಇಳಿದರೂ ನಿಮ್ಮ ಆದಾಯ ಯೂರೊದಲ್ಲಿ ಕರಗುತ್ತದೆ. ಎರಡು ವರ್ಷ ಆದ ಮೇಲೂ ಇರೋಣ ಅನ್ನಿಸಿ ಕಾರ್ಡ್ ನವೀಕರಿಸಲು ಹೋದಾಗ ಇದು ಗೋಡೆಯ ಹಾಗೆ ನಿಲ್ಲುತ್ತದೆ. ಡಾಲರಿನಲ್ಲಿ ಸಂಪಾದಿಸುವ ಫ್ರೀಲಾನ್ಸರ್‌ಗಳಿಗೆ ಈ ತೊಂದರೆ ಕಡಿಮೆ.

ಸ್ಪೇನ್ ಯಾಕಾಗಬಾರದು ಅಂತ ಕೇಳಬಹುದು. ಅಲ್ಲಿ ಆದಾಯದ ಮಿತಿ ಕಡಿಮೆ, ಅಲ್ಲಿನ ಕನಿಷ್ಠ ಕೂಲಿಯ ಎರಡು ಪಟ್ಟು. ಆದರೆ ಸಂಬಳದ ನೌಕರರಿಗೆ ಸಾಮಾಜಿಕ ಭದ್ರತೆಯ ಪುರಾವೆ ಕೇಳುತ್ತಾರೆ, ನಮ್ಮವರು ಅಲ್ಲಿ ಎಡವುತ್ತಾರೆ. ಪೋರ್ಚುಗಲ್ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ, 2017ರಿಂದ ಜಾರಿಯಲ್ಲಿದೆ. ಕಂಪನಿ ಒಪ್ಪಿದರೆ ಇಪಿಎಫ್‌ಒ, ಅಂದರೆ ನಮ್ಮ ಪಿಎಫ್ ಸಂಸ್ಥೆಯ ಕಡೆಯಿಂದ ವ್ಯಾಪ್ತಿ ಪ್ರಮಾಣಪತ್ರ ತೆಗೆಸಬಹುದು. ಅದು ಇದ್ದರೆ ಅಲ್ಲಿ ಸಾಮಾಜಿಕ ಭದ್ರತೆಗೆ ಮತ್ತೆ ದುಡ್ಡು ಕಟ್ಟಬೇಕಿಲ್ಲ, ನಿಮ್ಮ ಪಿಎಫ್ ಇಲ್ಲೇ ಮುಂದುವರಿಯುತ್ತದೆ. ಗಮನಿಸಿ, ಇದು ಕಂಪನಿಯೇ ಕಳಿಸಿದ ನೌಕರರಿಗೆ ಮಾಡಿದ ವ್ಯವಸ್ಥೆ. ಹಾಗಾಗಿ ಮತ್ತೆ ಅದೇ ಎಚ್‌ಆರ್ ಬಾಗಿಲು. ಐಟಿ ಕೆಲಸದವರಿಗೆ ಮಲೇಷ್ಯಾದ ಡಿಇ ರಾಂತೌ ಪಾಸ್ ಕೂಡ ಇದೆ. ವರ್ಷಕ್ಕೆ 24,000 ಡಾಲರ್ ಆದಾಯ ಸಾಕು, ಒಂದು ವರ್ಷ, ಆಮೇಲೆ ಇನ್ನೊಂದು ವರ್ಷ. ನಿಮ್ಮ ಸಂಬಳಕ್ಕೆ ಅದು ಎಷ್ಟೋ ಸಲೀಸು. ಯುರೋಪೇ ಬೇಕು ಅನ್ನುವ ಹಟ ಇಲ್ಲದಿದ್ದರೆ ಅದನ್ನೂ ಯೋಚಿಸಿ.

ಈಗ ಹೆಸರು. ನಗಬೇಡಿ, ಇದು ಕರ್ನಾಟಕದವರ ದೊಡ್ಡ ತಲೆನೋವು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ ಎಸ್’, ಪ್ಯಾನ್ ಕಾರ್ಡಿನಲ್ಲಿ ಅದನ್ನೇ ಬಿಡಿಸಿ ‘ಬಸಾಪುರ ಶಿವಪ್ಪ ಮಂಜುನಾಥ’, ಬ್ಯಾಂಕಿನಲ್ಲಿ ‘ಬಿ ಎಸ್ ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ನಮಗೆ ಇವೆಲ್ಲ ಒಬ್ಬನೇ ಮನುಷ್ಯ. ಪೋರ್ಚುಗೀಸ್ ಅಧಿಕಾರಿಗೆ ಮೂರು ಜನ. ಮೇಜಿನ ಮೇಲೆ ಎಲ್ಲ ದಾಖಲೆ ಹರಡಿ, ಪಾಸ್‌ಪೋರ್ಟ್ ಮಧ್ಯದಲ್ಲಿಟ್ಟು, ಒಂದೊಂದರ ಹೆಸರನ್ನೂ ಅಕ್ಷರ ಅಕ್ಷರ ಹೋಲಿಸಿ. ಬ್ಯಾಂಕ್, ಸಂಬಳದ ಚೀಟಿ, ಕಂಪನಿಯ ಪತ್ರ, ಈ ಮೂರು ಪಾಸ್‌ಪೋರ್ಟಿಗೆ ಹೊಂದಲೇಬೇಕು. ಬ್ಯಾಂಕಿನಲ್ಲಿ ತಿದ್ದಿಸಲು ಸ್ವಲ್ಪ ದಿನ ಹಿಡಿಯುತ್ತದೆ. ಎಚ್‌ಆರ್ ಜೊತೆ ಮಾತು ನಡೆಯುತ್ತಿರುವಾಗಲೇ ಇದನ್ನೂ ಮುಗಿಸಿ. ತಿದ್ದಿಸಲು ಆಗದ ದಾಖಲೆಗೆ ‘ಇವರೆಲ್ಲ ಒಬ್ಬರೇ’ ಅನ್ನುವ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕವೇ ಸಿಗುತ್ತದೆ, ಶುಲ್ಕ 500 ರೂ. ಪಾಸ್‌ಪೋರ್ಟಿನಲ್ಲಿ ಹುಬ್ಬಳ್ಳಿ ವಿಳಾಸ ಇದ್ದು ನೀವು ಬೆಂಗಳೂರಿನಲ್ಲಿದ್ದರೆ ಪೊಲೀಸ್ ವಿಚಾರಣೆಗೆ ದಿನ ಜಾಸ್ತಿ ಹಿಡಿಯಬಹುದು. ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶಕ್ಕೆ ಹೇಳುವ ಮುದ್ರೆ ಬೇಕು. ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂ., ದಾಖಲೆ ಒಯ್ದು ತರುವ ಸಂಸ್ಥೆಯ ಸೇವಾ ಶುಲ್ಕ ಬೇರೆ. ಇದನ್ನು ತೀರಾ ಮೊದಲೇ ಮಾಡಿಸಬೇಡಿ, ಅರ್ಜಿಯ ಹೊತ್ತಿಗೆ ಹಳೆಯದಾಗಿಬಿಡುತ್ತದೆ.

ಪೋರ್ಚುಗಲ್‌ನ ತೆರಿಗೆ ಸಂಖ್ಯೆಗೆ ನಿಫ್ ಅನ್ನುತ್ತಾರೆ, ನಮ್ಮ ಪ್ಯಾನ್ ಇದ್ದ ಹಾಗೆ. ಮನೆ ಕರಾರಿಗೂ ಅದು ಬೇಕು, ಬ್ಯಾಂಕ್ ಖಾತೆಗೂ ಅದು ಬೇಕು. ಇಲ್ಲಿಂದಲೇ ಅಲ್ಲಿನ ವಕೀಲರ ಮೂಲಕ ಮಾಡಿಸಬಹುದು. ಆಮೇಲೆ ಮನೆ. ನಿವಾಸದ ಬಗೆಗೆ 12 ತಿಂಗಳ ಬಾಡಿಗೆ ಕರಾರು ಇದ್ದರೆ ಒಳ್ಳೆಯದು, ಹೋಟೆಲ್ ಬುಕಿಂಗ್ ತೋರಿಸಿ ಆಗುವ ಕೆಲಸ ಅಲ್ಲ. ಕರಾರನ್ನು ಅಲ್ಲಿನ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದ್ದಾರಾ ಅಂತ ಕೇಳಿ. ಫೋಟೋ ನೋಡಿ, ಮಾಲೀಕರು ಊರಲ್ಲಿಲ್ಲ, ಕೀಲಿ ಕೊರಿಯರ್‌ನಲ್ಲಿ ಕಳಿಸುತ್ತಾರೆ ಅನ್ನುವ ಮಾತು ಕೇಳಿ ಮುಂಗಡ ಕಳಿಸಬೇಡಿ. ನನ್ನ ಬಳಿ ಬಂದ ಒಬ್ಬ ಹೆಣ್ಣುಮಗಳು ಹಾಗೆ ಮೂರು ತಿಂಗಳ ಬಾಡಿಗೆ ಕಳೆದುಕೊಂಡರು. ಆ ಮನೆಯ ವಿಳಾಸದಲ್ಲಿ ಇದ್ದದ್ದು ಒಂದು ಔಷಧಿ ಅಂಗಡಿ. ಲಿಸ್ಬನ್‌ನಲ್ಲಿ ಒಂದು ಬೆಡ್‌ರೂಮಿನ ಮನೆಗೆ 1,000 ಯೂರೊ ಮೇಲೇ ಹೋಗುತ್ತದೆ. ಬ್ರಾಗಾ, ಕೊಯಿಂಬ್ರಾ ಕಡೆ ಹೋದರೆ ಕಡಿಮೆ. ಸಾಂಬಾರ್ ಪುಡಿ, ಬೇಳೆ ಅಂತ ಲಿಸ್ಬನ್‌ನ ಮಾರ್ತಿಂ ಮೊನಿಝ್ ಕಡೆಯ ಅಂಗಡಿಗಳಿಗೆ ಬಂದು ಹೋಗಬಹುದು.

ಮೇಲೆ ಹೇಳಿದ ಎಲ್ಲವೂ ಕೈಗೆ ಬಂದ ಮೇಲೆ, ವೀಸಾ ಅರ್ಜಿ ತೆಗೆದುಕೊಳ್ಳುವ ಸಂಸ್ಥೆಯಾದ ವಿಎಫ್‌ಎಸ್‌ನಲ್ಲಿ ಅಪಾಯಿಂಟ್‌ಮೆಂಟ್. ಆರೋಗ್ಯ ವಿಮೆ ಕನಿಷ್ಠ 30,000 ಯೂರೊ ವ್ಯಾಪ್ತಿಯದು ಇರಲಿ. ನಿರ್ಧಾರಕ್ಕೆ 60 ದಿನ ಅಂತ ಕಾನೂನು ಹೇಳುತ್ತದೆ, ಅದಕ್ಕಿಂತ ತಡವಾಗುವುದೂ ಉಂಟು. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಬೆಂಗಳೂರಿನ ಬಾಡಿಗೆ ಮನೆ ಬಿಡಬೇಡಿ, ಬೈಕ್ ಮಾರಬೇಡಿ.

ಅಲ್ಲಿಗೆ ಹೋದ ಮೇಲೆ ಕಾರ್ಡ್ ಮಾಡಿಸಬೇಕಾದ ವಲಸೆ ಇಲಾಖೆಯ ಹೆಸರು ಐಮಾ. 2023ರ ಅಕ್ಟೋಬರ್‌ನಲ್ಲಿ ಹಳೆಯ ಇಲಾಖೆ ಮುಚ್ಚಿ ಇದನ್ನು ತೆರೆದರು. ಶುರುವಾದಾಗಲೇ ಲಕ್ಷಗಟ್ಟಲೆ ಬಾಕಿ ಕಡತಗಳು ಇದರ ತಲೆ ಮೇಲಿದ್ದವು. ಹಾಗಾಗಿ ಕಾರ್ಡ್ ಕೈಗೆ ಬರುವುದು ನಿಧಾನ ಆದೀತು. ಕಾರ್ಡ್ ಇಲ್ಲದ ಆ ತಿಂಗಳುಗಳಲ್ಲಿ ನಿಮ್ಮ ಎರಡು ಪ್ರವೇಶವನ್ನು ಲಂಡನ್ ನೋಡಲು, ಗೆಳೆಯನ ಮದುವೆಗೆ ಅಂತ ಖರ್ಚು ಮಾಡಬೇಡಿ. ಒಂದನ್ನು ಊರಿನ ತುರ್ತಿಗೆ ಅಂತ ಉಳಿಸಿಕೊಳ್ಳಿ. ಅಪ್ಪ ಅಮ್ಮ ವಯಸ್ಸಾದವರು ಇದ್ದರೆ ಇದು ಎಷ್ಟು ದೊಡ್ಡ ಮಾತು ಅಂತ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಮದುವೆ ವಿಷಯ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ವಿದೇಶಿಯರ ಕಾಯಿದೆ ಬಿಗಿಯಾಯಿತು. ಈಗ ಸಾಮಾನ್ಯ ನಿಯಮ ಏನೆಂದರೆ, ನೀವು ಅಲ್ಲಿ ಎರಡು ವರ್ಷ ಕಾನೂನುಬದ್ಧವಾಗಿ ಇದ್ದ ಮೇಲೆ ಸಂಗಾತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಕೆಲವು ವಿನಾಯಿತಿಗಳಿವೆ, ಆದರೆ ಅವನ್ನು ನಂಬಿ ಈಗಲೇ ಯೋಜನೆ ಹಾಕುವುದು ಬೇಡ. ನೀವು ಹೋಗುವುದೇ ಎರಡು ವರ್ಷಕ್ಕೆ! ಮದುವೆಯಾಗಿ ತಿಂಗಳಿಗೇ ಒಬ್ಬರು ಅಲ್ಲಿ ಒಬ್ಬರು ಇಲ್ಲಿ ಆಗುವುದನ್ನು ಇಬ್ಬರೂ ಕೂತು ಮಾತಾಡಿ, ಅರ್ಜಿಗೆ ಮೊದಲೇ. ಅವರಿಗೂ ದೂರದಿಂದ ಮಾಡುವ ಕೆಲಸ, ಅಷ್ಟು ಸಂಬಳ ಇದ್ದರೆ ಇಬ್ಬರೂ ಬೇರೆಬೇರೆ ಡಿ8 ಅರ್ಜಿ ಹಾಕುವುದು ನೇರ ದಾರಿ. ಏನೇ ಆದರೂ ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ಇಟ್ಟುಕೊಂಡು ಸುಮ್ಮನಾಗಬೇಡಿ. ಉಪನೋಂದಣಿ ಕಚೇರಿಯಲ್ಲಿ ಮದುವೆ ನೋಂದಾಯಿಸಿ, ಅದೇ ವಾರ.

ತೆರಿಗೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದಕ್ಕೆ ಎರಡೂ ದೇಶ ಬಲ್ಲ ಲೆಕ್ಕ ಪರಿಶೋಧಕರ ಹತ್ತಿರ ಒಂದು ಗಂಟೆ ಕೂರಲೇಬೇಕು. ಅಲ್ಲಿ 183 ದಿನ ದಾಟಿದರೆ ನೀವು ಅಲ್ಲಿನ ತೆರಿಗೆ ನಿವಾಸಿ. ಜಗತ್ತಿನ ಎಲ್ಲಿಂದ ಬಂದ ಆದಾಯವಾದರೂ ಅಲ್ಲಿ ತೋರಿಸಬೇಕು, ಮೇಲಿನ ಹಂತದ ದರ 48%. ಹೊಸದಾಗಿ ಬಂದವರಿಗೆ ಹತ್ತು ವರ್ಷ ಕಡಿಮೆ ತೆರಿಗೆ ಅಂತ ಹೇಳುವ ಹಳೇ ವಿಡಿಯೋಗಳನ್ನು ನಂಬಬೇಡಿ, ಆ ಯೋಜನೆ ಹೊಸಬರಿಗೆ 2024ರಲ್ಲಿ ಮುಚ್ಚಿತು. ಇಲ್ಲಿ ಸಂಬಳ ಬೆಂಗಳೂರಿನ ಖಾತೆಗೇ ಬೀಳುವವರೆಗೆ ಕಂಪನಿ ಟಿಡಿಎಸ್ ಕಡಿಯುತ್ತಲೇ ಇರುತ್ತದೆ. ಎರಡು ದೇಶಗಳ ನಡುವೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದ ಇದೆ, ಆದರೆ ಅದು ತಾನಾಗಿ ಆಗುವುದಿಲ್ಲ, ನೀವೇ ಕೇಳಿ ಪಡೆಯಬೇಕು. ಕೈಗೆ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕವನ್ನು ಹೊರಡುವ ಮೊದಲು ಕಾಗದದ ಮೇಲೆ ಹಾಕಿ. ಇಲ್ಲಿನ 60 ಲಕ್ಷದ ಬದುಕು ಅಲ್ಲಿ ಇರುವುದಿಲ್ಲ.

ಗಡಿಯಾರವನ್ನೂ ನೋಡಿ. ಚಳಿಗಾಲದಲ್ಲಿ ಲಿಸ್ಬನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಬೆಂಗಳೂರಿನ ಬೆಳಗಿನ ಹತ್ತು ಗಂಟೆಯ ಮೀಟಿಂಗ್ ಅಂದರೆ ಜನವರಿಯಲ್ಲಿ ನಿಮಗೆ ನಸುಕಿನ ನಾಲ್ಕೂವರೆ. ಅಲ್ಲಿನ ಹಳೇ ಮನೆಗಳಲ್ಲಿ ಹೀಟರ್ ವ್ಯವಸ್ಥೆ ಸರಿಯಾಗಿ ಇರುವುದಿಲ್ಲ, ಮನೆಯೊಳಗೇ ನಡುಗುತ್ತೀರಿ. ಮ್ಯಾನೇಜರ್ ಜೊತೆ ಮಾತಾಡುವಾಗ ಕೆಲಸದ ವೇಳೆಯನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ.

ಏಜೆಂಟ್‌ಗೆ 4 ಲಕ್ಷ ಕೊಡಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಕಂಪನಿಯ ಪತ್ರವನ್ನು ಅವರು ತರಲಾರರು, ಸಂಬಳ ಹೆಚ್ಚಿಸಲಾರರು, ಬ್ಯಾಂಕಿನಲ್ಲಿ ಹೆಸರು ತಿದ್ದಿಸಲಾರರು. ಉಳಿದದ್ದು ಫಾರ್ಮ್ ತುಂಬುವುದು, ನಿಫ್, ಮನೆ ಕರಾರು ನೋಡುವುದು. ಅದಕ್ಕೆ ಅಲ್ಲಿನ ನೋಂದಾಯಿತ ವಕೀಲರೊಬ್ಬರಿಗೆ ಆಯಾ ಕೆಲಸಕ್ಕೆ ಆಯಾ ಶುಲ್ಕ ಕೊಟ್ಟರೆ ಸಾಕು. ‘ವೀಸಾ ಗ್ಯಾರಂಟಿ’ ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ.

ಈ ಸೋಮವಾರ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿ. ಹೂಂ ಅಂದರೆ ಕೊನೇ ಮೂರು ಸಂಬಳದ ಚೀಟಿ ಮತ್ತು ಪತ್ರದ ಕರಡು ನನಗೆ ಕಳಿಸಿ, ನಂಬರ್‌ಗಳನ್ನು ಕಪ್ಪು ಮಾಡಿ ಕಳಿಸಿದರೂ ಸರಿ, ಓದಿ ಎಲ್ಲಿ ತಿದ್ದಬೇಕು ಹೇಳುತ್ತೇನೆ. ಊಹೂಂ ಅಂದರೆ ಅವರು ಕೊಟ್ಟ ಕಾರಣ ಏನು ಅಂತ ಬರೆಯಿರಿ. ತೆರಿಗೆಯ ಭಯವೋ, ಗ್ರಾಹಕರ ಷರತ್ತೋ ಅನ್ನುವುದರ ಮೇಲೆ ಮುಂದಿನ ಹೆಜ್ಜೆ ಬೇರೆ ಬೇರೆ.